ಹಿಂದ ಸರಿಯೂದಕ್ಕ ಎಷ್ಟು ಹೆಸರು? ವಿತ್‌ಡ್ರಾದಿಂದ ಯೀಲ್ಡ್‌ವರೆಗೆ



ಈ ಸಲದ ಪಾಠ ಒಂದು ಇಮೇಲ್‌ನಿಂದ ಶುರುವಾಗುತ್ತದೆ. ನಮ್ಮ ಬಳಗದ ಗೆಳೆಯನೊಬ್ಬನಿಗೆ ಕ್ಯಾಂಪಸ್ ಆಯ್ಕೆಯಲ್ಲಿ ಕೆಲಸ ಸಿಕ್ಕಿತ್ತು. ಸಂಕೇಶ್ವರದಲ್ಲಿ ನದಿ ಕಡೆಯ ಓಣಿಯಲ್ಲಿ ಅವನ ಮನೆ. ಜಾಯ್ನಿಂಗ್ ದಿನ ಹತ್ತಿರ ಬಂದಾಗ ಹಿರಣ್ಯಕೇಶಿ ಉಕ್ಕಿ ಮನೆಯೊಳಗೆ ನೀರು ಬಂತು. ಸಾಮಾನು ಎತ್ತಬೇಕು, ಅಜ್ಜಿಯನ್ನು ಬೇರೆ ಊರಿಗೆ ಕರೆದೊಯ್ಯಬೇಕು, ನೀರು ಇಳಿದ ಮೇಲೆ ಕೆಸರು ತೆಗೆಯಬೇಕು. ಎರಡು ವಾರ ತಡವಾಗಿ ಬರುತ್ತೇನೆ ಎಂದು ಕಂಪನಿಗೆ ತಿಳಿಸಬೇಕಿತ್ತು, ಅಷ್ಟೇ. "ಹೇಳಿದ ದಿನಕ್ಕ ಬರಾಕ ಆಗೂದಿಲ್ಲ, ಸದ್ಯಕ್ಕ ಹಿಂದ ಸರೀತೀನಿ" ಎಂದು ಮನಸ್ಸಿನಲ್ಲಿ ಅಂದುಕೊಂಡ. ಮೊಬೈಲ್‌ನ ನಿಘಂಟಿನಲ್ಲಿ 'ಹಿಂದೆ ಸರಿ' ಎಂದು ಹುಡುಕಿದ. ಮೊದಲು ಕಂಡ ಪದ ಹಾಕಿ ಬರೆದ: "ಡ್ಯೂ ಟು ಫ್ಲಡ್, ಐ ವಿತ್‌ಡ್ರಾ ಮೈ ಜಾಯ್ನಿಂಗ್."

ಎರಡು ದಿನಕ್ಕೆ ಉತ್ತರ ಬಂತು. ಒಂದೇ ಸಾಲು: ನಿಮ್ಮ ವಿತ್‌ಡ್ರಾವಲ್ ಸ್ವೀಕರಿಸಲಾಗಿದೆ, ಮುಂದಿನ ಬದುಕಿಗೆ ಶುಭವಾಗಲಿ. ಆಮೇಲೆ ಫೋನ್ ಮಾಡಿದ, ಇನ್ನೆರಡು ಮೇಲ್ ಹಾಕಿದ. ಆ ಹೊತ್ತಿಗೆ ಆ ಜಾಗ ಬೇರೆಯವರಿಗೆ ಹೋಗಿತ್ತು.

ಕಂಪನಿಯವರು ಓದಿದ್ದರಲ್ಲಿ ತಪ್ಪಿಲ್ಲ. ವಿತ್‌ಡ್ರಾ ಅಂದರೆ 'ನಾನು ಕೊಟ್ಟ ಒಪ್ಪಿಗೆ ವಾಪಸ್ ತಗೊಂಡೆ' ಎಂದೇ ಅರ್ಥ. ಅವನಿಗೆ ಬೇಕಿದ್ದ ಪದ ಡಿಫರ್ ಅಥವಾ ಪೋಸ್ಟ್‌ಪೋನ್. "ಐ ರಿಕ್ವೆಸ್ಟ್ ಯು ಟು ಡಿಫರ್ ಮೈ ಜಾಯ್ನಿಂಗ್ ಡೇಟ್ ಬೈ ಟು ವೀಕ್ಸ್" ಎಂದು ಬರೆದಿದ್ದರೆ ಕನಿಷ್ಠ ಒಂದು ಮಾತುಕತೆಯಾದರೂ ನಡೆಯುತ್ತಿತ್ತು. ಅವನು ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ, ಈ ಕಥೆ ಬರೆಯಲು ಅವನೇ ನಮಗೆ ಹೇಳಿದ್ದು. "ನನ್ನ ಹೆಸರು ಹಾಕಬ್ಯಾಡ್ರಿ, ಆದ್ರ ಪಾಠ ಮಾತ್ರ ಹಾಕ್ರಿ" ಅಂದ.

ಹಾಗಾಗಿ ಈ ಪಾಠ. ಹಿಂದೆ ಸರಿಯುವುದು, ಬಿಟ್ಟುಕೊಡುವುದು, ಮಣಿಯುವುದು ಇವನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳು ಇಪ್ಪತ್ತಕ್ಕೂ ಹೆಚ್ಚಿವೆ. ಎಲ್ಲವನ್ನೂ ನಾವು 'ಬಿಡು' ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಹಾಗೆ ನೋಡಿದರೆ ನಮ್ಮ ಕನ್ನಡ ಅಷ್ಟು ಬಡವಲ್ಲ. ಕೈಬಿಡು, ಕೈಚೆಲ್ಲು, ಕೈ ಎತ್ತು: ಮೂರರಲ್ಲೂ ಕೈ ಇದೆ, ಅರ್ಥ ಮಾತ್ರ ಬೇರೆ ಬೇರೆ. ಹಿಮ್ಮೆಟ್ಟು, ಹಿಂಪಡೆ, ಹಿಂಜರಿ: ಮೂರೂ ಹಿಂದಕ್ಕೇ, ಆದರೆ ಒಂದೇ ಅಲ್ಲ. ಆದ್ದರಿಂದ ನಮ್ಮ ಸಲಹೆ ಇಷ್ಟೇ: ಇಂಗ್ಲಿಷ್ ಪದ ಹುಡುಕುವ ಮೊದಲು ಸರಿಯಾದ ಕನ್ನಡ ಪದ ಹುಡುಕಿ. ಅದು ಸಿಕ್ಕರೆ ಅರ್ಧ ಕೆಲಸ ಮುಗೀತು.

ಮೊದಲು ಮೂರು ಪ್ರಶ್ನೆ

ಯಾವುದೇ ವಾಕ್ಯ ಬರೆಯುವ ಮುಂಚೆ ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಒತ್ತಡ ಇತ್ತೋ, ಇಲ್ಲವೋ? ಅಂದರೆ ನಾನಾಗಿ ಸರಿದೆನೋ, ಯಾರೋ ನೂಕಿದರೋ?
ಎರಡು: ನಾನು ಬಿಟ್ಟದ್ದು ಯಾರ ಕೈಗೆ ಹೋಯಿತು? ಎದುರಿನವರಿಗೋ, ಯಾರಿಗೂ ಇಲ್ಲವೋ?
ಮೂರು: ಮರಳಿ ಬರುವ ಬಾಗಿಲು ತೆರೆದಿದೆಯೋ, ಮುಚ್ಚಿದೆಯೋ?

ಇಡೀ ಪಾಠ ಈ ಮೂರು ಪ್ರಶ್ನೆಗಳ ಮೇಲೇ ನಿಂತಿದೆ. ಈಗ ಒಂದೊಂದೇ ಗುಂಪು ನೋಡೋಣ.

1. ನದಿ ಇಳಿಯುತ್ತದೆ, ಸೈನ್ಯ ಹಿಮ್ಮೆಟ್ಟುತ್ತದೆ, ಅರ್ಜಿ ಹಿಂಪಡೆಯುತ್ತೇವೆ

ರಿಸೀಡ್: ಆಂಬೋಲಿ ಕಡೆಯ ಸಹ್ಯಾದ್ರಿಯಲ್ಲಿ ಹುಟ್ಟಿ ಸಂಕೇಶ್ವರ ದಾಟಿ ಘಟಪ್ರಭೆ ಸೇರುವ ಹಿರಣ್ಯಕೇಶಿಗೆ 2019ರ ಆಗಸ್ಟ್‌ನಲ್ಲಿ ಬಂದ ಪ್ರವಾಹ ನಮ್ಮಲ್ಲಿ ಅನೇಕರಿಗೆ ನೆನಪಿದೆ. ನೀರು ಹಿಂದಕ್ಕೆ ಹೋದದ್ದನ್ನು ಇಂಗ್ಲಿಷ್‌ನಲ್ಲಿ "ದ ಫ್ಲಡ್ ವಾಟರ್ ರಿಸೀಡೆಡ್" ಎನ್ನಬೇಕು. ಕನ್ನಡದಲ್ಲಿ 'ನೀರು ಇಳೀತು'. ಇಲ್ಲಿ ನಿರ್ಧಾರ ಮಾಡುವವರು ಯಾರೂ ಇಲ್ಲ, ತಾನಾಗಿ ನಿಧಾನಕ್ಕೆ ಆಗುವ ಕ್ರಿಯೆ. ತಲೆಯ ಮುಂಭಾಗದ ಕೂದಲು ಹಿಂದಕ್ಕೆ ಹೋಗುವುದಕ್ಕೂ ಇದೇ ಪದ. ನಾಲ್ಕನೇ ವರ್ಷದವರಿಗೆ ಉದಾಹರಣೆ ಬೇಡ! ಮನುಷ್ಯ ಸಭೆಯಿಂದ ಎದ್ದು ಹೋದರೆ ರಿಸೀಡ್ ಅನ್ನಬಾರದು.

ರಿಟ್ರೀಟ್: ಇದು ಹಿಮ್ಮೆಟ್ಟುವುದು. ಎದುರಿಗೆ ಅಪಾಯ ಇದೆ ಅಥವಾ ಬಲವಾದ ಎದುರಾಳಿ ಇದ್ದಾನೆ, ಉಳಿಯಲು ಹಿಂದಕ್ಕೆ ಹೋಗುತ್ತೇವೆ. 1812ರಲ್ಲಿ ನೆಪೋಲಿಯನ್ನನ ಸೇನೆ ಮಾಸ್ಕೋದಿಂದ ಮರಳಿದ್ದನ್ನು ಇತಿಹಾಸದ ಪುಸ್ತಕಗಳು ರಿಟ್ರೀಟ್ ಎಂದೇ ಕರೆಯುತ್ತವೆ. ಒತ್ತಡ ಇದೆ, ಆದರೆ ಸೋಲು ಒಪ್ಪಿದ್ದಾರೆ ಎಂದೇನಿಲ್ಲ. ಗೋಡೆಯ ಬದಿಗೆ ಸರಿದು ಮತ್ತೆ ಎದುರಿಸಬಹುದು. ಇದೇ ಪದ ನಾಮಪದವಾದಾಗ ಗದ್ದಲ ಬಿಟ್ಟು ಶಾಂತವಾಗಿ ಕೂರುವ ಜಾಗ ಎಂಬ ಅರ್ಥವೂ ಬರುತ್ತದೆ. ಧ್ಯಾನದ ರಿಟ್ರೀಟ್ ಅಂತಾರಲ್ಲ, ಹಾಗೆ.

ವಿತ್‌ಡ್ರಾ: ಹಳೆಯ ಇಂಗ್ಲಿಷ್‌ನಲ್ಲಿ ಈ ಪದದ 'ವಿತ್' ಭಾಗಕ್ಕೆ 'ಜೊತೆ' ಎಂಬ ಅರ್ಥವಲ್ಲ, 'ಆಚೆಗೆ, ಹಿಂದಕ್ಕೆ' ಎಂಬ ಅರ್ಥ. 'ಡ್ರಾ' ಅಂದರೆ ಎಳೆ. ಹಿಂದಕ್ಕೆ ಎಳೆದುಕೊಳ್ಳುವುದೇ ವಿತ್‌ಡ್ರಾ. ಮುಖ್ಯವಾದ ಮಾತು: ನಾನು ಇಟ್ಟದ್ದನ್ನು, ಕೊಟ್ಟದ್ದನ್ನು, ಹೇಳಿದ್ದನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ಬ್ಯಾಂಕಿನಲ್ಲಿ ಇಟ್ಟ ದುಡ್ಡು, ಹಾಕಿದ ಅರ್ಜಿ, ಕೊಟ್ಟ ಒಪ್ಪಿಗೆ, ಮಾಡಿದ ಆರೋಪ, ಚುನಾವಣೆಯ ನಾಮಪತ್ರ ಎಲ್ಲಕ್ಕೂ ಇದೇ. ಕನ್ನಡದಲ್ಲಿ 'ಹಿಂಪಡೆ' ಸರಿಯಾದ ಪದ.

ವಿತ್‌ಡ್ರಾ ಎಷ್ಟು ನಿಖರ ಪದ ಅನ್ನೋದಕ್ಕೆ ಎರಡು ಉದಾಹರಣೆ ನೋಡಿ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳ ಕಾನೂನು ಮಾನ್ಯತೆಯೇ ಹೋಯಿತು. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ 2000 ರೂಪಾಯಿ ನೋಟನ್ನು ಚಲಾವಣೆಯಿಂದ ವಿತ್‌ಡ್ರಾ ಮಾಡಿತು, ಆದರೆ ಅದರ ಕಾನೂನು ಮಾನ್ಯತೆ ಉಳಿಯುತ್ತದೆ ಎಂದು ಅದೇ ಪ್ರಕಟಣೆಯಲ್ಲಿ ಹೇಳಿತು. ನಮ್ಮ ಓಣಿಯ ಮಾತಿನಲ್ಲಿ ಎರಡೂ 'ನೋಟ್ ಬಂದ್'. ಬ್ಯಾಂಕಿನ ಭಾಷೆಯಲ್ಲಿ ಎರಡೂ ಬೇರೆ.

ಇನ್ನೊಂದು: ಇನ್ನೂ ಕಾಯ್ದೆಯಾಗದ ಮಸೂದೆಯನ್ನು ವಿತ್‌ಡ್ರಾ ಮಾಡಬಹುದು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ವೈಯಕ್ತಿಕ ದತ್ತಾಂಶ ರಕ್ಷಣಾ ಮಸೂದೆಯನ್ನು ಹೀಗೆ ಹಿಂಪಡೆಯಿತು. ಆದರೆ ಕಾಯ್ದೆಯಾಗಿ ಜಾರಿಗೆ ಬಂದದ್ದನ್ನು ತೆಗೆಯಲು ರಿಪೀಲ್ ಮಾಡಬೇಕು, ಅದಕ್ಕೆ ಸಂಸತ್ತಿನಲ್ಲಿ ಮತ್ತೊಂದು ಮಸೂದೆ ಬೇಕು. ಮೂರು ಕೃಷಿ ಕಾಯ್ದೆಗಳಿಗೆ 2021ರ ನವೆಂಬರ್ 29ರಂದು ಸಂಸತ್ತು ಒಪ್ಪಿದ್ದು ರಿಪೀಲ್ ಮಸೂದೆಯನ್ನು. ಕನ್ನಡ ಪತ್ರಿಕೆಗಳಲ್ಲಿ ಎರಡಕ್ಕೂ 'ವಾಪಸ್' ಎಂದೇ ಓದುತ್ತೇವೆ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ವ್ಯತ್ಯಾಸ ಗೊತ್ತಿರಲಿ.

ಇನ್ನು ರಿಟ್ರ್ಯಾಕ್ಟ್. ಹೇಳಿಕೆಯನ್ನು ಅಥವಾ ಪ್ರಕಟವಾದ ಸಂಶೋಧನಾ ಪ್ರಬಂಧವನ್ನು 'ಇದು ನಿಲ್ಲುವುದಿಲ್ಲ' ಎಂದು ವಾಪಸ್ ತೆಗೆಯುವುದು. ವಿಮಾನ ಮೇಲೇರಿದ ಮೇಲೆ ಚಕ್ರಗಳನ್ನು ಒಳಗೆ ಎಳೆದುಕೊಳ್ಳುವುದೂ ಅದೇ. ಮೆಕ್ಯಾನಿಕಲ್‌ನವರಿಗೆ ಇದು ಬೇಗ ನೆನಪಿರುತ್ತದೆ.

2. ಮಣಿಯುವುದು: ಯೀಲ್ಡ್, ಗಿವ್ ಇನ್, ಸರೆಂಡರ್

ಯೀಲ್ಡ್ ನಮಗೆ ಅತಿ ಹತ್ತಿರದ ಪದ, ಆದರೂ ಅತಿ ಹೆಚ್ಚು ಗೊಂದಲದ್ದು. ಇದರ ಹಳೆಯ ಅರ್ಥ 'ಸಲ್ಲಿಸು, ತೀರಿಸು'. ಭೂಮಿ ರೈತನಿಗೆ ಸಲ್ಲಿಸುವುದು ಬೆಳೆ, ಆದ್ದರಿಂದ ಎಕರೆಗೆ ಎಷ್ಟು ಟನ್ ಕಬ್ಬು ಬಂತು ಎಂಬುದು ಯೀಲ್ಡ್. ಕಾರ್ಖಾನೆಯಲ್ಲಿ ಅದೇ ಕಬ್ಬಿನಿಂದ ಶೇಕಡಾ ಎಷ್ಟು ಸಕ್ಕರೆ ಬಂತು ಎಂಬುದು ರಿಕವರಿ. ಸಂಕೇಶ್ವರದ ಹುಡುಗರಾಗಿ ಈ ಎರಡನ್ನು ನಾವು ಅದಲು ಬದಲು ಮಾಡಬಾರದು! ಬಲಕ್ಕೆ ಅಥವಾ ಹಕ್ಕಿಗೆ ಜಾಗ ಸಲ್ಲಿಸುವುದು ಇನ್ನೊಂದು ಅರ್ಥ: ಮಣಿ, ದಾರಿ ಬಿಡು. ಹೆದ್ದಾರಿಗೆ ಸೇರುವ ಕಡೆ ಕೆಲವು ದೇಶಗಳ ಫಲಕದಲ್ಲಿ 'ಯೀಲ್ಡ್' ಎಂದೂ ನಮ್ಮಲ್ಲಿ 'ಗಿವ್ ವೇ' ಎಂದೂ ಇರುತ್ತದೆ. ಕಬ್ಬಿನ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎದುರು ಬಂದಾಗ ನಾವು ಮಾಡುವುದು ಇದನ್ನೇ. ಅದು ಸೋಲಲ್ಲ, ಬುದ್ಧಿ.

ಈಗ ಲ್ಯಾಬಿಗೆ ಬನ್ನಿ. ಉಕ್ಕಿನ ಸರಳನ್ನು ಎಳೆಯುತ್ತಾ ಹೋದರೆ ಮೊದಲು ಅದು ಸ್ಥಿತಿಸ್ಥಾಪಕ, ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಒಂದು ಹಂತದ ಮೇಲೆ ಮರಳುವುದಿಲ್ಲ, ಶಾಶ್ವತವಾಗಿ ಉದ್ದವಾಗುತ್ತದೆ. ಆ ಹಂತವೇ ಯೀಲ್ಡ್. ಎಫ್‌ಇ 415 ಸರಳು ಎಂದರೆ ಅದರ ಯೀಲ್ಡ್ ಬಲ ಚದರ ಮಿಲಿಮೀಟರಿಗೆ 415 ನ್ಯೂಟನ್. ಗಮನಿಸಿ: ಯೀಲ್ಡ್ ಆದ ಕೂಡಲೇ ಸರಳು ತುಂಡಾಗುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಅದೇ ಸರಳಿನ ಗರಿಷ್ಠ ಬಲ ಕನಿಷ್ಠ 485 ಇರಲೇಬೇಕು. ಯೀಲ್ಡ್ ಅಂದರೆ ಬಾಗುವುದು, ಬ್ರೇಕ್ ಅಂದರೆ ಮುರಿಯುವುದು. ಭೂಕಂಪ ತಾಳುವ ಕಟ್ಟಡದ ವಿನ್ಯಾಸದಲ್ಲಿ ಉಕ್ಕು ಮುರಿಯದೆ ಬಾಗಬೇಕು ಎಂದೇ ಲೆಕ್ಕ ಹಾಕುತ್ತಾರೆ.

ಕಂಪ್ಯೂಟರ್ ಸೈನ್ಸ್‌ನವರಿಗೆ ಪೈಥಾನ್ ಇದೆ. ಫಂಕ್ಷನ್ ಒಳಗೆ 'ರಿಟರ್ನ್' ಬರೆದರೆ ಬೆಲೆ ಕೊಟ್ಟು ಕೆಲಸ ಮುಗಿಸುತ್ತದೆ. 'ಯೀಲ್ಡ್' ಬರೆದರೆ ಒಂದು ಬೆಲೆ ಕೊಟ್ಟು, ಎಲ್ಲಿದ್ದೆ ಎಂಬುದನ್ನು ನೆನಪಿಟ್ಟು, ಅಲ್ಲೇ ನಿಲ್ಲುತ್ತದೆ. ಮತ್ತೆ ಕೇಳಿದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಕೊಡುವುದು, ದಾರಿ ಬಿಡುವುದು: ಪದದ ಎರಡೂ ಹಳೆಯ ಅರ್ಥ ಒಂದೇ ಕೀವರ್ಡ್‌ನಲ್ಲಿ ಕೂತಿವೆ.

ಗಿವ್ ಇನ್: ಬೇಡ ಬೇಡ ಅಂತ ಇದ್ದು, ಒತ್ತಾಯಕ್ಕೆ ಕೊನೆಗೆ ಒಪ್ಪುವುದು. 'ಪಟ್ಟು ಬಿಟ್ಟ'. "ಮೈ ಫಾದರ್ ಗೇವ್ ಇನ್ ಆ್ಯಂಡ್ ಬಾಟ್ ಮಿ ಎ ಬೈಕ್." ಇಲ್ಲಿ ಎದುರಿಗೆ ಯಾರೋ ಇರಲೇಬೇಕು.

ಸಕಮ್: ಇದರ ಮೂಲ ಲ್ಯಾಟಿನ್ ಅರ್ಥ 'ಅಡಿಯಲ್ಲಿ ಬಿದ್ದುಕೊಳ್ಳು'. ರೋಗಕ್ಕೆ, ಗಾಯಕ್ಕೆ, ಆಸೆಗೆ ಬಲಿಯಾಗುವುದು. ಪತ್ರಿಕೆಯಲ್ಲಿ "ಸಕಮ್ಡ್ ಟು ಇಂಜುರೀಸ್" ಎಂದರೆ ಗಾಯದಿಂದ ಸತ್ತರು ಎಂದರ್ಥ. ಆದ್ದರಿಂದ "ಐ ಸಕಮ್ಡ್ ಟು ಫೀವರ್, ಸೋ ಆ್ಯಬ್ಸೆಂಟ್" ಎಂದು ರಜಾ ಚೀಟಿ ಬರೀಬ್ಯಾಡ್ರಿ. ಓದಿದವರು ಗಾಬರಿಯಾಗ್ತಾರ.

ಸರೆಂಡರ್: ಎದುರಾಳಿಯ ಕೈಗೆ ತನ್ನನ್ನೇ ಒಪ್ಪಿಸುವುದು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಸಹಿ ಹಾಕಿದ್ದು ಇಂಥ ಪತ್ರಕ್ಕೆ. ಮೂರು ಪ್ರಶ್ನೆಗೂ ಇಲ್ಲಿ ಉತ್ತರ ಸ್ಪಷ್ಟ: ಒತ್ತಡ ಇದೆ, ಹೋದದ್ದು ಎದುರಾಳಿಯ ಕೈಗೆ, ಬಾಗಿಲು ಮುಚ್ಚಿದೆ. ಇದಕ್ಕೆ ವಿರುದ್ಧದ ಉದಾಹರಣೆ ನಮ್ಮ ಜಿಲ್ಲೆಯದೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಬ್ರಿಟಿಷರನ್ನು ಸೋಲಿಸಿತು, ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಸೆರೆಯಾಗಿ ಬೈಲಹೊಂಗಲದಲ್ಲಿ 1829ರಲ್ಲಿ ತೀರಿಕೊಂಡಳು. ಕೋಟೆ ಹೋಯಿತು, ರಾಣಿ ಸೆರೆಯಾದಳು. ಆದರೆ ಅದನ್ನು ಇಂಗ್ಲಿಷ್‌ನಲ್ಲಿ "ಶಿ ವಾಸ್ ಕ್ಯಾಪ್ಚರ್ಡ್" ಎಂದು ಬರೆಯಬೇಕು, "ಶಿ ಸರೆಂಡರ್ಡ್" ಎಂದಲ್ಲ. ಒಂದು ಕ್ರಿಯಾಪದ ಬದಲಾದರೆ ಇಡೀ ಇತಿಹಾಸ ಬದಲಾಗುತ್ತದೆ.

ಇಲ್ಲಿ ಕನ್ನಡದ ಒಂದು ಸೂಕ್ಷ್ಮವನ್ನೂ ಹೇಳಬೇಕು. ಸರೆಂಡರ್‌ಗೆ ನಾವು 'ಶರಣಾಗು' ಅಂತೀವಿ. ಆದರೆ ನಮ್ಮ ಊರುಗಳಲ್ಲಿ ಹಿರಿಯರು ಎದುರಾದಾಗ 'ಶರಣ್ರೀ' ಅಂತಲೂ ಅಂತೀವಿ. ಅಲ್ಲಿ ಸೋಲಿನ ನೆರಳೂ ಇಲ್ಲ. ವಚನಕಾರರನ್ನು ಶರಣರು ಎಂದು ಕರೆಯುವ ನಾಡು ಇದು. ಭಕ್ತಿಯ ಶರಣು, ಯುದ್ಧದ ಶರಣು ಎರಡಕ್ಕೂ ಇಂಗ್ಲಿಷ್‌ನಲ್ಲಿ ಸರೆಂಡರ್ ನಡೆಯುತ್ತದೆ. ನಮಸ್ಕಾರದ ಶರಣಿಗೆ ಮಾತ್ರ ನಡೆಯುವುದಿಲ್ಲ.

ಕ್ಯಾಪಿಚುಲೇಟ್ ಎಂಬ ದೊಡ್ಡ ಪದ ಕಂಡರೆ ಹೆದರಬೇಡಿ. ಮೂಲದಲ್ಲಿ ಅದು ಅಧ್ಯಾಯ, ತಲೆಬರಹ ಎಂಬ ಅರ್ಥದ ಪದದಿಂದ ಬಂದದ್ದು. ಷರತ್ತುಗಳನ್ನು ಒಂದೊಂದಾಗಿ ಬರೆದುಕೊಂಡು ಶರಣಾಗುವುದು. ಈಗ 'ಪ್ರತಿರೋಧ ನಿಲ್ಲಿಸಿ ಪೂರ್ತಿ ಮಣಿಯುವುದು' ಎಂಬ ಅರ್ಥದಲ್ಲಿ ಬಳಸುತ್ತಾರೆ.

3. ಬಿಟ್ಟುಕೊಡುವುದು: ಸೀಡ್, ಕನ್‌ಸೀಡ್, ರಿಲಿಂಕ್ವಿಶ್, ವೇವ್

ಸೀಡ್: ನೆಲವನ್ನೋ ಅಧಿಕಾರವನ್ನೋ ಒಪ್ಪಂದದ ಮೂಲಕ ಇನ್ನೊಬ್ಬರಿಗೆ ಬಿಟ್ಟುಕೊಡುವುದು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ತನ್ನ ರಾಜ್ಯದ ಸುಮಾರು ಅರ್ಧ ಭಾಗವನ್ನು ಸೀಡ್ ಮಾಡಬೇಕಾಯಿತು. ಯಾರಿಗೆ ಎಂಬುದು ಇಲ್ಲಿ ಮುಖ್ಯ, ಹಾಗಾಗಿ 'ಟು' ಬರಲೇಬೇಕು. ಬೀಜ ಎಂಬ ಸೀಡ್‌ಗೂ ಇದಕ್ಕೂ ಉಚ್ಚಾರ ಒಂದೇ, ಸ್ಪೆಲಿಂಗ್ ಬೇರೆ.

ಕನ್‌ಸೀಡ್: ಇಷ್ಟವಿಲ್ಲದಿದ್ದರೂ 'ಹೌದು' ಎಂದು ಒಪ್ಪುವುದು. ವಾದದಲ್ಲಿ ಎದುರಿನವರ ಮಾತು ಸರಿ ಎಂದು ಒಪ್ಪಬಹುದು, ಚುನಾವಣೆಯಲ್ಲಿ ಸೋಲು ಒಪ್ಪಬಹುದು. ಕ್ರಿಕೆಟ್‌ನಲ್ಲಿ ಬೌಲರ್ ಬಿಟ್ಟುಕೊಟ್ಟ ರನ್‌ಗಳಿಗೂ ಇದೇ ಪದ.

ರಿಲಿಂಕ್ವಿಶ್: ಹಿಡಿದಿದ್ದನ್ನು ಬಿಡುವುದು, ಹೆಚ್ಚಾಗಿ ಹಕ್ಕು ಅಥವಾ ಹಿಡಿತ. ಆಸ್ತಿ ಪಾಲಿನಲ್ಲಿ 'ಹಕ್ಕು ಬಿಟ್ಟುಕೊಟ್ಟ ಪತ್ರ' ಅಂತಾರಲ್ಲ, ಅದು ರಿಲಿಂಕ್ವಿಶ್‌ಮೆಂಟ್ ಡೀಡ್. ಮಹಾಭಾರತದಲ್ಲಿ ದೇವವ್ರತ ತಂದೆಗಾಗಿ ಸಿಂಹಾಸನದ ಹಕ್ಕನ್ನೇ ಬಿಟ್ಟು ಭೀಷ್ಮನಾದದ್ದಕ್ಕೂ ಈ ಪದ ಒಪ್ಪುತ್ತದೆ.

ವೇವ್: ನನಗೆ ಬರಬೇಕಾದದ್ದನ್ನು 'ಬೇಡ ಬಿಡು' ಎನ್ನುವುದು. ಫೀ ವೇವರ್ ಅಂದರೆ ಶುಲ್ಕ ಮನ್ನಾ. ಬಿಡುವವರು ಹಕ್ಕು ಇದ್ದವರೇ ಆಗಿರಬೇಕು. "ಐ ವೇವ್ಡ್ ಮೈ ಫೀಸ್" ಎಂದು ವಿದ್ಯಾರ್ಥಿ ಬರೆದರೆ ತಪ್ಪು, ಏಕೆಂದರೆ ಫೀಸು ಬರಬೇಕಾದದ್ದು ಕಾಲೇಜಿಗೆ, ನಮಗಲ್ಲ. ಕೈ ಬೀಸುವ ವೇವ್‌ನ ಸ್ಪೆಲಿಂಗ್ ಬೇರೆ, ಅದನ್ನೂ ನೋಡಿಕೊಳ್ಳಿ.

ಫರ್‌ಗೋ: ಇರುವ ಅವಕಾಶವನ್ನು ಬೇಕೆಂದೇ ಬಿಡುವುದು. ಪ್ರಾಜೆಕ್ಟ್ ಮುಗಿಸಲು ಯುಗಾದಿ ರಜೆ ಬಿಟ್ಟೆವು: "ವಿ ಫರ್‌ವೆಂಟ್ ದ ಯುಗಾದಿ ಹಾಲಿಡೇ." ಒತ್ತಡ ಕಡಿಮೆ, ಆಯ್ಕೆ ಹೆಚ್ಚು.

4. ಕುರ್ಚಿ ಬಿಡುವವರು: ರಿಸೈನ್, ಸ್ಟೆಪ್ ಡೌನ್, ಆ್ಯಬ್ಡಿಕೇಟ್, ರಿನೌನ್ಸ್

ರಿಸೈನ್ ಎಂದರೆ ಹುದ್ದೆಗೆ ರಾಜೀನಾಮೆ ಕೊಡುವುದು. 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಸೋತಿದ್ದಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಹುದ್ದೆಗೆ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು, 1985ರಲ್ಲಿ ಗೆದ್ದು ಮರಳಿದರು. ರಿಸೈನ್ ಮಾಡಿದವರಿಗೆ ಬಾಗಿಲು ಮುಚ್ಚಿರುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ. ಚೆಸ್‌ನಲ್ಲಿ ಆಟ ಬಿಟ್ಟುಕೊಡುವುದಕ್ಕೂ ರಿಸೈನ್ ಅಂತಾರೆ. ಒಂದು ಎಚ್ಚರಿಕೆ: ನಡುವೆ ಅಡ್ಡಗೆರೆ ಹಾಕಿ 'ರಿ-ಸೈನ್' ಎಂದು ಬರೆದರೆ 'ಮತ್ತೆ ಸಹಿ ಹಾಕು' ಎಂಬ ವಿರುದ್ಧ ಅರ್ಥ ಬರುತ್ತದೆ!

ಸ್ಟೆಪ್ ಡೌನ್ ಸ್ವಲ್ಪ ಮೃದು. ಜವಾಬ್ದಾರಿಯ ಮೆಟ್ಟಿಲು ಇಳಿಯುತ್ತೇನೆ, ಮನೆ ಬಿಟ್ಟು ಹೋಗುವುದಿಲ್ಲ. ಕ್ಲಬ್‌ನ ಕಾರ್ಯದರ್ಶಿ ಪರೀಕ್ಷೆಗಾಗಿ ಹುದ್ದೆ ಬಿಟ್ಟು ಸದಸ್ಯನಾಗಿ ಉಳಿಯುವುದಾದರೆ "ಐ ಆ್ಯಮ್ ಸ್ಟೆಪಿಂಗ್ ಡೌನ್ ಆ್ಯಸ್ ಸೆಕ್ರೆಟರಿ" ಸಾಕು. "ಐ ಕ್ವಿಟ್" ಎಂದು ಗುಂಪಿನಲ್ಲಿ ಹಾಕಿದರೆ ಜಗಳಾಡಿ ಹೋದಂತೆ ಕೇಳಿಸುತ್ತದೆ.

ಆ್ಯಬ್ಡಿಕೇಟ್ ರಾಜರಿಗೆ. 1936ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟದ್ದು ಹೀಗೆ. ನಾವು ಬಳಸಿದರೆ ಜವಾಬ್ದಾರಿಯಿಂದ ತಪ್ಪಿಸಿಕೊಂಡರು ಎಂಬ ಟೀಕೆಯ ಅರ್ಥ ಬರುತ್ತದೆ.

ರಿನೌನ್ಸ್ ಎಂದರೆ 'ಇದು ನನ್ನದಲ್ಲ' ಎಂದು ಸಾರಿ ತ್ಯಜಿಸುವುದು. ಇದಕ್ಕೆ ಬಾಹುಬಲಿಗಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು? ಅಣ್ಣ ಭರತನೊಡನೆ ನಡೆದ ಸ್ಪರ್ಧೆಯಲ್ಲಿ ಗೆದ್ದವನು ಬಾಹುಬಲಿ. ಗೆದ್ದ ಮೇಲೆ ರಾಜ್ಯ ಬಿಟ್ಟ. ಯಾರೂ ನೂಕಲಿಲ್ಲ, ಸೋಲಲಿಲ್ಲ. ಅವನು ಮಾಡಿದ್ದನ್ನು ಸರೆಂಡರ್ ಅಥವಾ ಗಿವ್ ಇನ್ ಅಂದರೆ ಶ್ರವಣಬೆಳಗೊಳದ ಆ ಮೂರ್ತಿಗೇ ಅವಮಾನ.

5. ಬ್ಯಾಕ್ ಬಳಗ

ಚಿಕ್ಕ ಪದಗಳು, ದೊಡ್ಡ ವ್ಯತ್ಯಾಸ.
ಬ್ಯಾಕ್ ಔಟ್: ಒಪ್ಪಿಕೊಂಡ ಮೇಲೆ ಕೈ ಎತ್ತುವುದು. "ಹಿ ಬ್ಯಾಕ್ಡ್ ಔಟ್ ಆಫ್ ದ ಹ್ಯಾಕಥಾನ್ ಆ್ಯಟ್ ದ ಲಾಸ್ಟ್ ಮಿನಿಟ್."
ಬ್ಯಾಕ್ ಡೌನ್: ವಾದದಲ್ಲಿ ಅಥವಾ ಬೆದರಿಕೆಯಲ್ಲಿ ತಗ್ಗುವುದು.
ಬ್ಯಾಕ್ ಆಫ್: ದೂರ ಸರಿ, ಅವರ ಪಾಡಿಗೆ ಅವರನ್ನು ಬಿಡು.
ಸ್ಟೆಪ್ ಬ್ಯಾಕ್: ಒಂದು ಹೆಜ್ಜೆ ಹಿಂದೆ ನಿಂತು ಪೂರ್ತಿ ನೋಡುವುದು. ಇದು ಒಳ್ಳೆಯ ಅರ್ಥದ ಪದ.
ಪುಲ್ ಔಟ್: ಒಪ್ಪಂದದಿಂದ, ಸ್ಪರ್ಧೆಯಿಂದ ಹೊರಬರುವುದು. ವಿತ್‌ಡ್ರಾದ ಮಾತಿನ ರೂಪ.

6. ಗಿವ್ ಅಪ್: ಕೈಚೆಲ್ಲುವ ಮುನ್ನ

ಗಿವ್ ಅಪ್‌ಗೆ ಎರಡು ಮುಖ. ಸಿಗರೇಟು ಬಿಟ್ಟರೆ ಅದೂ ಗಿವ್ ಅಪ್, ಅದು ಒಳ್ಳೆಯದು. ಪ್ರಯತ್ನವೇ ಬಿಟ್ಟರೆ ಅದೂ ಗಿವ್ ಅಪ್, ಅದಕ್ಕೆ ಕನ್ನಡದಲ್ಲಿ ಕೈಚೆಲ್ಲು. ಇದನ್ನು ವಿತ್‌ಡ್ರಾ ಜೊತೆ ಬೆರೆಸಬಾರದು. ಅದಕ್ಕೆ ಒಂದು ಕ್ರಿಕೆಟ್ ಉದಾಹರಣೆ.

2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಬ್ಯಾಟಿಂಗ್ ಮಾಡುವಾಗ ಚೆಂಡು ಬಡಿದು ಬೆಂಗಳೂರಿನ ಅನಿಲ್ ಕುಂಬ್ಳೆಯ ದವಡೆ ಮುರಿಯಿತು. ತಲೆಗೆ, ಗದ್ದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಬೌಲ್ ಮಾಡಿ, ಬ್ರಯಾನ್ ಲಾರಾನನ್ನು ಔಟ್ ಮಾಡಿದರು. ಆಮೇಲೆ ಶಸ್ತ್ರಚಿಕಿತ್ಸೆಗಾಗಿ ಪ್ರವಾಸ ಬಿಟ್ಟು ಊರಿಗೆ ಮರಳಿದರು. ಈಗ ಎರಡು ವಾಕ್ಯ: "ಹಿ ಡಿಡ್ ನಾಟ್ ಗಿವ್ ಅಪ್." "ಹಿ ವಿತ್‌ಡ್ರ್ಯೂ ಫ್ರಮ್ ದ ಟೂರ್." ಒಬ್ಬನೇ ಮನುಷ್ಯನ ಬಗ್ಗೆ ಎರಡೂ ನಿಜ. ಹಿಂದೆ ಸರಿದವರೆಲ್ಲ ಕೈಚೆಲ್ಲಿದವರಲ್ಲ.

ಕ್ರಿಕೆಟ್‌ನಲ್ಲೇ ಇನ್ನೊಂದು: ರಿಟೈರ್ಡ್ ಹರ್ಟ್ ಆದವರು ಮತ್ತೆ ಬ್ಯಾಟಿಂಗಿಗೆ ಬರಬಹುದು. ಎದುರು ತಂಡದ ನಾಯಕ ಒಪ್ಪದ ಹೊರತು ರಿಟೈರ್ಡ್ ಔಟ್ ಆದವರು ಬರುವ ಹಾಗಿಲ್ಲ. 2022ರಲ್ಲಿ ಆರ್. ಅಶ್ವಿನ್ ಐಪಿಎಲ್‌ನಲ್ಲಿ ತಂಡದ ಲೆಕ್ಕಾಚಾರಕ್ಕಾಗಿ ರಿಟೈರ್ಡ್ ಔಟ್ ಆದ ಮೊದಲಿಗರಾದರು. ಮೈದಾನ ಬಿಟ್ಟು ನಡೆಯುವುದು ಎರಡರಲ್ಲೂ ಒಂದೇ, ನಮ್ಮ ಮೂರನೇ ಪ್ರಶ್ನೆಗೆ ಉತ್ತರ ಮಾತ್ರ ಬೇರೆ.

7. ಜೊತೆಗೆ ಬರುವ ಪದಗಳು, ಕಾಲರೂಪಗಳು

ವಿತ್‌ಡ್ರಾ, ರಿಟ್ರೀಟ್, ರಿಸೈನ್ ಇವುಗಳ ಮುಂದೆ 'ಫ್ರಮ್'. ಯೀಲ್ಡ್, ಗಿವ್ ಇನ್, ಸಕಮ್, ಸರೆಂಡರ್ ಇವುಗಳ ಮುಂದೆ 'ಟು'. ನೆನಪಿಡಲು ಸುಲಭ: ಬಿಟ್ಟು ಬರುವ ಜಾಗ ಮುಖ್ಯವಾದರೆ ಫ್ರಮ್, ಮಣಿಸುವ ಬಲ ಮುಖ್ಯವಾದರೆ ಟು. ಬ್ಯಾಕ್ ಔಟ್ ಮುಂದೆ 'ಆಫ್'. ವೇವ್, ಫರ್‌ಗೋ, ರಿನೌನ್ಸ್ ಮುಂದೆ ಏನೂ ಬೇಡ, ನೇರವಾಗಿ ವಸ್ತು.

ಕಾಲರೂಪ: ವಿತ್‌ಡ್ರಾ, ವಿತ್‌ಡ್ರ್ಯೂ, ವಿತ್‌ಡ್ರಾನ್. ಫರ್‌ಗೋ, ಫರ್‌ವೆಂಟ್, ಫರ್‌ಗಾನ್. ಕ್ವಿಟ್ ಮೂರರಲ್ಲೂ ಸಾಮಾನ್ಯವಾಗಿ ಕ್ವಿಟ್. 'ವಿತ್‌ಡ್ರಾಡ್' ಎಂಬ ಪದ ಇಲ್ಲ. 'ವಿತ್‌ಡ್ರಾ ಬ್ಯಾಕ್', 'ರಿಟ್ರೀಟ್ ಬ್ಯಾಕ್' ಎಂದು ಬರೆಯುವುದು 'ಹಿಂದಕ್ಕೆ ಹಿಮ್ಮೆಟ್ಟು' ಅಂದಂಗ. ಹಿಂದೆ ಎಂಬುದು ಪದದೊಳಗೇ ಇದೆ.

ನೀವೇ ಮಾಡಿ ನೋಡಿ

ಯಾವ ಪದ ಸರಿ?
1. ಪ್ರವಾಹದ ನೀರು ಬೆಳಗಿನ ಹೊತ್ತಿಗೆ ಇಳಿಯಿತು.
2. ತಪ್ಪಾಗಿ ಹಾಕಿದ ಮರುಮೌಲ್ಯಮಾಪನ ಅರ್ಜಿ ವಾಪಸ್ ತಗೊಂಡೆ.
3. ಕ್ಲಬ್ ಅಧ್ಯಕ್ಷೆ ಹುದ್ದೆ ಬಿಟ್ಟಳು, ಸದಸ್ಯಳಾಗಿ ಇದ್ದಾಳೆ.
4. ಸಿನಿಮಾಕ್ಕೆ ಬಾ ಅಂತ ರೂಮಿನವರು ಕಾಡಿದ್ದಕ್ಕೆ ಕೊನೆಗೆ ಒಪ್ಪಿದೆ.
5. ಪ್ರಾಜೆಕ್ಟ್ ಮಾಡ್ತೀನಿ ಅಂದಿದ್ದ, ವಾರ ಇರುವಾಗ ಕೈ ಎತ್ತಿದ.
6. ಸಂಘಟಕರು ನಮಗೆ ಪ್ರವೇಶ ಶುಲ್ಕ ಬಿಟ್ಟುಬಿಟ್ಟರು.

ಉತ್ತರ: 1. ರಿಸೀಡ್. 2. ವಿತ್‌ಡ್ರಾ. 3. ಸ್ಟೆಪ್ ಡೌನ್. 4. ಗಿವ್ ಇನ್. 5. ಬ್ಯಾಕ್ ಔಟ್. 6. ವೇವ್.

ಕೊನೆಗೊಂದು ಮಾತು

ಫಲಿತಾಂಶ ಬಂದ ದಿನ ನಮ್ಮ ವಾಟ್ಸಾಪ್ ಸ್ಟೇಟಸ್‌ಗಳನ್ನು ನೋಡಿದರೆ 'ಐ ಗಿವ್ ಅಪ್' ಎಂದು ಹತ್ತಾರು ಕಾಣುತ್ತವೆ. ಒಂದು ವಿಷಯ ಹೋಗಿರುತ್ತದೆ, ಇಲ್ಲವೇ ಒಂದು ಇಂಟರ್‌ವ್ಯೂ ಕೈತಪ್ಪಿರುತ್ತದೆ. ಹಾಗೆ ಹಾಕಿದ ಗೆಳೆಯರನ್ನು ಕೇಳಿ ನೋಡಿ: "ಖರೇನ ಗಿವ್ ಅಪ್ ಏನು? ಇಲ್ಲಾ ಸ್ಟೆಪ್ ಬ್ಯಾಕ್?" ಎಷ್ಟೋ ಸಲ ಅವರಿಗೆ ಬೇಕಾಗಿರುವುದು ಎರಡು ದಿನದ ಬಿಡುವು, ಅಂದರೆ ರಿಟ್ರೀಟ್. ಪದ ತಪ್ಪಾಗಿದೆ, ಅಷ್ಟೇ. ಆದರೆ ನಿಜವಾಗಿಯೂ ಕೈಚೆಲ್ಲಿದ್ದೇನೆ ಎಂದರೆ ವ್ಯಾಕರಣ ಬದಿಗಿಟ್ಟು ಅವರ ಪಕ್ಕ ಕೂತುಕೊಳ್ಳಿ, ಒಬ್ಬರನ್ನೇ ಬಿಟ್ಟು ಬರಬೇಡಿ.

ಕೆಲಸ ಕಳೆದುಕೊಂಡ ನಮ್ಮ ಗೆಳೆಯನ ಮಾತು ಹೇಳಿ ಮುಗಿಸುತ್ತೇವೆ. ಈಗಿನ ಕಂಪನಿಯಿಂದ ಆಫರ್ ಬಂದಾಗ ಅವನು ಉತ್ತರ ಕಳಿಸುವ ಮುಂಚೆ ಮೊದಲು ಕನ್ನಡದಲ್ಲಿ ಒಂದು ಸಾಲು ಬರೆದುಕೊಂಡನಂತೆ, ಆಮೇಲೆ ಮೂರು ಪ್ರಶ್ನೆ ಕೇಳಿಕೊಂಡನಂತೆ. ನಮ್ಮ ಪಾಠದ ಆ ಮೂರು ಪ್ರಶ್ನೆಗಳು ಅವನ ಹಾಳೆಯಿಂದಲೇ ಬಂದವು.

ಮುಂದಿನ ಸಂಚಿಕೆಯಲ್ಲಿ ಒಪ್ಪುವ ಪದಗಳು: ಅಗ್ರೀ, ಅಕ್ಸೆಪ್ಟ್, ಅಡ್ಮಿಟ್, ಅಕ್ನಾಲೆಜ್. ಅಲ್ಲಿಯವರೆಗೆ ನಿಮ್ಮ ಅನುಮಾನ, ನಿಮ್ಮ ತಪ್ಪುಗಳ ಕಥೆ ನಮಗೆ ಬರೆದು ಕಳಿಸ್ರಿ. ಹೆಸರು ಹಾಕೂದಿಲ್ಲ, ಪಾಠ ಮಾತ್ರ ಹಾಕ್ತೀವಿ.